ಅಪ್‌ಗ್ರೇಡ್ ಮುಗಿದರೂ ಹಳೆಯ ಪ್ಯಾಕೇಜು ಹೋಗಿಲ್ಲವೇ? ಫೆಡೋರಾ ಲಿನಕ್ಸ್‌ನಲ್ಲಿ ಜೋಡಿ ಪ್ಯಾಕೇಜುಗಳ ಪತ್ತೆ ಮತ್ತು ನಿವಾರಣೆ

2024ರ ಜುಲೈ ತಿಂಗಳಲ್ಲಿ ಶಿರಸಿಯ ನಮ್ಮ ಮನೆಯ ಕಂಪ್ಯೂಟರನ್ನು ಫೆಡೋರಾ 39ರಿಂದ 40ಕ್ಕೆ ಏರಿಸುತ್ತಿದ್ದಾಗ, ಹುಲೇಕಲ್ ರಸ್ತೆಯಲ್ಲೆಲ್ಲೋ ಮರದ ಟೊಂಗೆ ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ಇನ್ವರ್ಟರಿಗೆ ಕಂಪ್ಯೂಟರಿನ ಪ್ಲಗ್ಗು ಸೇರಿರಲಿಲ್ಲ. ಪರದೆ ಕಪ್ಪಾಗುವ ಮುನ್ನ ಕಂಡ ಕೊನೆಯ ಸಾಲಿನಲ್ಲಿ 2,871/4,306 ಎಂದಿತ್ತು. ಕರೆಂಟು ಬಂದ ಮೇಲೆ ಕಂಪ್ಯೂಟರು ಏನೂ ಆಗದಂತೆ ಎದ್ದು ನಿಂತಿತು, ತಾನು ಫೆಡೋರಾ 40 ಎಂದೇ ಹೇಳಿಕೊಂಡಿತು, ಕನ್ನಡ ಟೈಪಿಂಗ್ ಕೂಡ ಸರಿಯಿತ್ತು. ಮೂರು ದಿನ ಬಿಟ್ಟು ಅಪ್‌ಡೇಟ್ ಹಾಕಿದಾಗಲೇ ತೊಂದರೆ ಗೊತ್ತಾದದ್ದು: ಒಂದೇ ಪ್ಯಾಕೇಜಿನ (ತಂತ್ರಾಂಶವನ್ನು ಕಟ್ಟಿಕೊಟ್ಟ ಕಂತೆಯ) ಹಳೆಯ ಮತ್ತು ಹೊಸ ಆವೃತ್ತಿಗಳೆರಡೂ ಕಂಪ್ಯೂಟರಿನ ಲೆಕ್ಕದಲ್ಲಿ ಉಳಿದುಕೊಂಡಿದ್ದವು.

ಮಳೆಗಾಲದಲ್ಲಿ ಕರೆಂಟನ್ನು ನಂಬಲಾಗದ ನಮ್ಮ ಜಿಲ್ಲೆಯಲ್ಲಿ ಇದು ಅಪರೂಪದ ದೋಷವಲ್ಲ. ನಿವಾರಣೆಯೂ ಕಷ್ಟವಲ್ಲ, ಆದರೆ ಅವಸರದಲ್ಲಿ ಒಂದು ತಪ್ಪು ಆದೇಶ ಕೊಟ್ಟರೆ ಓಡುತ್ತಿರುವ ಕಂಪ್ಯೂಟರನ್ನೇ ಮಲಗಿಸಿಬಿಡಬಹುದಾದ ದೋಷ ಇದು. ಆದ್ದರಿಂದ ಕಣ್ಣಿಗೆ ಕಾಣುವ ಲಕ್ಷಣಗಳಿಂದ ಆರಂಭಿಸಿ, ಏನೂ ಬದಲಾಯಿಸದ ಪರೀಕ್ಷೆಗಳನ್ನು ಮೊದಲು ಮುಗಿಸಿಕೊಂಡು ಮುಂದೆ ಹೋಗೋಣ.

ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಅಡ್ಡಗೆರೆ ಒಂದಿದ್ದರೆ ಒಂದು, ಎರಡಿದ್ದರೆ ಎರಡು ಎಂಬಂತೆ ಎಚ್ಚರದಿಂದ ಟೈಪಿಸಬೇಕು. ಇವುಗಳಲ್ಲಿ ಆರ್‌ಪಿಎಂ ಎಂಬುದು ಪ್ಯಾಕೇಜುಗಳನ್ನು ಹಾಕಿ, ತೆಗೆದು, ಲೆಕ್ಕವಿಡುವ ಸಾಧನ. ಡಿಎನ್‌ಎಫ್ ಅದರ ಮೇಲೆ ಕುಳಿತು ಪ್ಯಾಕೇಜುಗಳನ್ನು ಇಂಟರ್ನೆಟ್ಟಿನಿಂದ ತರುವ ಸಾಧನ. ಸುಡೊ ಎಂದರೆ ಆದೇಶವನ್ನು ಆಡಳಿತದ ಅಧಿಕಾರದಿಂದ ಓಡಿಸು ಎಂದು.

## ಕೈ ಹಾಕುವ ಮೊದಲು

ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿರಲಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಅಥವಾ ಇನ್ವರ್ಟರಿಗೆ ಸೇರಿಸಿಕೊಳ್ಳಿ. ಕರೆಂಟು ಹೋದದ್ದರಿಂದ ಬಂದ ದೋಷವನ್ನು ಸರಿಪಡಿಸುವಾಗ ಮತ್ತೊಮ್ಮೆ ಕರೆಂಟು ಹೋದರೆ ಎಲ್ಲಿ ನಿಂತಿದ್ದೇವೆ ಎಂಬುದೇ ತಿಳಿಯದಾಗುತ್ತದೆ. ನಿಮ್ಮ ಸ್ವಂತ ಕಡತಗಳನ್ನು, ಅಂದರೆ ಹೋಮ್ ಫೋಲ್ಡರನ್ನು, ಬೇರೊಂದು ಡಿಸ್ಕಿಗೆ ನಕಲಿಸಿಟ್ಟುಕೊಳ್ಳಿ.

ಪ್ಯಾಕೇಜು ಡೇಟಾಬೇಸಿನ, ಅಂದರೆ ಯಾವ ಯಾವ ಪ್ಯಾಕೇಜಿದೆ ಎಂಬ ದಾಖಲೆಗಳ, ನಕಲೂ ಬೇಕು. ಫೆಡೋರಾ 36ರಿಂದ ಈಚೆಗೆ ಅದು /ಯುಎಸ್‌ಆರ್/ಲಿಬ್/ಸಿಸ್‌ಇಮೇಜ್/ಆರ್‌ಪಿಎಂ ಎಂಬ ಫೋಲ್ಡರಿನಲ್ಲಿರುತ್ತದೆ, ಅದಕ್ಕೂ ಹಳೆಯದರಲ್ಲಿ /ವಾರ್/ಲಿಬ್/ಆರ್‌ಪಿಎಂ ಎಂಬಲ್ಲಿ. ಆ ಫೋಲ್ಡರನ್ನು ಇಡಿಯಾಗಿ ಹೋಮ್‌ಗೆ ನಕಲಿಸಿದರೆ ಸಾಕು.

ಇನ್ನೊಂದು ಮಾತು: /ಯುಎಸ್‌ಆರ್ ಒಳಗಿನ ಯಾವ ಕಡತವನ್ನೂ, ಅದು ಎಷ್ಟೇ ಹಳೆಯದಾಗಿ ಕಂಡರೂ, ಕೈಯಾರೆ ಅಳಿಸಬೇಡಿ. ಇಲ್ಲಿ ಹೆಚ್ಚಾಗಿರುವುದು ಬಹುಮಟ್ಟಿಗೆ ದಾಖಲೆಯೇ ಹೊರತು ಕಡತವಲ್ಲ.

## ಲಕ್ಷಣ: ಪಟ್ಟಿಯಲ್ಲಿ ಒಂದೇ ಹೆಸರು ಎರಡು ಮೂರು ಸಲ ಕಾಣುತ್ತದೆ

ಇದನ್ನು ನೋಡಿದ ಕೂಡಲೇ ಹೆದರುವವರೇ ಹೆಚ್ಚು. ಕಾರವಾರದಿಂದ ಪರಿಚಿತರೊಬ್ಬರು ಫೋನ್ ಮಾಡಿ, “ಕರ್ನಲ್ ಮೂರು ಸಲ ತೋರಿಸ್ತದೆ, ಎರಡು ತೆಗೆದುಬಿಡ್ಲಾ?” ಎಂದು ಕೇಳಿದ್ದರು. ತೆಗೆಯಬಾರದು. ಕರ್ನಲ್ (ವ್ಯವಸ್ಥೆಯ ತಿರುಳು) ಪ್ಯಾಕೇಜುಗಳನ್ನು ಫೆಡೋರಾ ಬೇಕೆಂದೇ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಎಷ್ಟು ಇಟ್ಟುಕೊಳ್ಳಬೇಕೆಂಬ ಮಿತಿ ಸಾಮಾನ್ಯವಾಗಿ 3. ಹೊಸ ಕರ್ನಲ್ ಬಂದಂತೆ ಅತಿ ಹಳೆಯದು ತಾನೇ ಹೋಗುತ್ತದೆ. ಅಪ್‌ಗ್ರೇಡ್ ಆದ ಮೇಲೆ ಬೂಟ್ ಮೆನುವಿನಲ್ಲಿ ಎಫ್‌ಸಿ39 (ಫೆಡೋರಾ 39ರದು ಎಂಬ ಗುರುತು) ಎಂಬ ಬಾಲವಿರುವ ಕರ್ನಲ್ ಉಳಿದಿದ್ದರೆ, ಹೊಸ ಕರ್ನಲ್ ನಿಮ್ಮ ಯಂತ್ರದಲ್ಲಿ ಮೇಲೇಳದ ದಿನ ನಿಮ್ಮನ್ನು ಕಾಯುವುದು ಅದೇ.

ಜಿಪಿಜಿ-ಪಬ್‌ಕೀ ಎಂಬ ಹೆಸರು ಹಲವು ಸಲ ಬಂದರೆ ಅದೂ ದೋಷವಲ್ಲ. ಪ್ಯಾಕೇಜುಗಳ ಸಹಿಯನ್ನು ಪರೀಕ್ಷಿಸುವ ಬೇರೆ ಬೇರೆ ಕೀಲಿಗಳು ಅದೇ ಹೆಸರಿನಲ್ಲಿ ದಾಖಲಾಗಿರುತ್ತವೆ. ಹೆಸರಿನ ಕೊನೆಯಲ್ಲಿ ಒಂದಕ್ಕೆ ಎಕ್ಸ್86_64, ಇನ್ನೊಂದಕ್ಕೆ ಐ686 ಎಂದಿದ್ದರೆ ಅವು 64 ಬಿಟ್ ಮತ್ತು 32 ಬಿಟ್‌ನ ಎರಡು ಬೇರೆ ಪ್ಯಾಕೇಜುಗಳು. ಸ್ಟೀಮ್ ಅಥವಾ ವೈನ್ ಹಾಕಿಕೊಂಡವರಲ್ಲಿ ಇದು ಸಾಮಾನ್ಯ.

ಎಫ್‌ಸಿ39 ಬಾಲದ ಪ್ಯಾಕೇಜೊಂದು ಜೋಡಿಯಿಲ್ಲದೆ ಒಂಟಿಯಾಗಿ ಕಂಡರೆ, ಹೊಸ ಬಿಡುಗಡೆಯಲ್ಲಿ ಅದು ಇಲ್ಲದಿರಬಹುದು. ಅಂಥವುಗಳ ಪಟ್ಟಿ ‘ಡಿಎನ್‌ಎಫ್ ಲಿಸ್ಟ್ --ಎಕ್ಸ್‌ಟ್ರಾಸ್’ ಎಂಬ ಆದೇಶದಲ್ಲಿ ಸಿಗುತ್ತದೆ. ಅದು ಬೇರೆಯೇ ವಿಷಯ.

ನಿಜವಾದ ಜೋಡಿ ಎಂದರೆ ಹೆಸರೂ ಅದೇ, ಕೊನೆಯ ಬಿಟ್ ಗುರುತೂ ಅದೇ, ಆವೃತ್ತಿ ಮಾತ್ರ ಬೇರೆ. ಇದನ್ನು ಕಣ್ಣಿನಿಂದ ಹುಡುಕಬೇಕಾಗಿಲ್ಲ:

ಡಿಎನ್‌ಎಫ್ ರಿಪೋಕ್ವೆರಿ --ಡ್ಯೂಪ್ಲಿಕೇಟ್ಸ್

ಈ ಆದೇಶ ಏನನ್ನೂ ಬದಲಾಯಿಸುವುದಿಲ್ಲ, ಕರ್ನಲ್‌ಗಳನ್ನು ತಾನೇ ಹೊರಗಿಟ್ಟು ಉಳಿದ ಜೋಡಿಗಳನ್ನು ಮಾತ್ರ ತೋರಿಸುತ್ತದೆ. ಉತ್ತರ ಖಾಲಿ ಬಂದರೆ ನಿಮ್ಮಲ್ಲಿ ಈ ದೋಷವಿಲ್ಲ. ಸಾಲುಗಳು ಬಂದರೆ ಅವನ್ನು ಒಂದು ಕಡತಕ್ಕೆ ಬರೆದಿಟ್ಟುಕೊಳ್ಳಿ, ಮುಂದಿನ ಪ್ರತಿ ಹೆಜ್ಜೆಗೂ ಅದು ಬೇಕು.

## ಲಕ್ಷಣ: ಮೆನುವಿನಲ್ಲಿ ಒಂದೇ ತಂತ್ರಾಂಶದ ಎರಡು ಐಕಾನ್‌ಗಳು

ಮೇಲಿನ ಆದೇಶ ಖಾಲಿ ಉತ್ತರ ಕೊಟ್ಟರೂ ಲಿಬ್ರೆಆಫೀಸ್ ಎರಡೆರಡು ಕಾಣುತ್ತಿದ್ದರೆ, ಒಂದು ಆರ್‌ಪಿಎಂ ಆಗಿಯೂ ಇನ್ನೊಂದು ಫ್ಲ್ಯಾಟ್‌ಪ್ಯಾಕ್ (ಆರ್‌ಪಿಎಂ ಲೆಕ್ಕಕ್ಕೆ ಸೇರದ ಬೇರೆ ಬಗೆಯ ಪ್ಯಾಕೇಜು) ಆಗಿಯೂ ಬಂದಿರುತ್ತದೆ. ‘ಫ್ಲ್ಯಾಟ್‌ಪ್ಯಾಕ್ ಲಿಸ್ಟ್’ ಎಂದು ಕೊಟ್ಟರೆ ತಿಳಿಯುತ್ತದೆ. ಎರಡಕ್ಕೂ ಜಗಳವಿಲ್ಲ, ಬೇಡವಾದದ್ದನ್ನು ಸಾಫ್ಟ್‌ವೇರ್ ಕಿಟಕಿಯಿಂದಲೇ ತೆಗೆಯಬಹುದು. ಯಾವುದರಲ್ಲಿ ನಿಮ್ಮ ಸೆಟ್ಟಿಂಗ್‌ಗಳಿವೆ ಎಂದು ತೆರೆದು ನೋಡಿಕೊಂಡು ತೆಗೆಯಿರಿ.

## ಲಕ್ಷಣ: ಅಪ್‌ಡೇಟ್ ಪ್ರತಿ ಸಲವೂ ಅರ್ಧಕ್ಕೆ ನಿಂತು ಸಂಘರ್ಷ ಎನ್ನುತ್ತದೆ

ಇದೇ ಮುಖ್ಯ ಲಕ್ಷಣ. ಇದರ ಕಾರಣ ಅರ್ಥವಾದರೆ ಮುಂದಿನದೆಲ್ಲ ಸುಲಭ.

ಆರ್‌ಪಿಎಂ ಒಂದು ಪ್ಯಾಕೇಜನ್ನು ಏರಿಸುವಾಗ ಹಳೆಯದನ್ನು ತೆಗೆದು ಹೊಸದನ್ನು ಹಾಕುವುದಿಲ್ಲ. ಮೊದಲು ಹೊಸದನ್ನು ಹರಡಿ, ಅದರ ದಾಖಲೆ ಬರೆದು, ಆಮೇಲೆ ಹಳೆಯದರ ದಾಖಲೆಯನ್ನೂ ಹೊಸದರಲ್ಲಿ ಇಲ್ಲದ ಹಳೆಯ ಕಡತಗಳನ್ನೂ ತೆಗೆಯುತ್ತದೆ. ಶಿರಸಿಯ ಅಡಿಕೆ ವಖಾರಿಯ ಗುಮಾಸ್ತ ಹೊಸ ರಾಶಿಯನ್ನು ಪುಸ್ತಕದಲ್ಲಿ ಜಮಾ ಮಾಡಿ, ಹಳೆಯ ರಾಶಿಯ ಸಾಲನ್ನು ಹೊಡೆದುಹಾಕುವಷ್ಟರಲ್ಲಿ ದೀಪ ಆರಿಹೋದರೆ ಹೇಗೋ ಹಾಗೆ: ಪುಸ್ತಕದಲ್ಲಿ ಎರಡು ರಾಶಿ, ಅಂಗಳದಲ್ಲಿ ಒಂದೇ. ಇಡೀ ವ್ಯವಸ್ಥೆಯನ್ನು ಏರಿಸುವಾಗ ಸಾಮಾನ್ಯವಾಗಿ ಎಲ್ಲ ಹೊಸ ಪ್ಯಾಕೇಜುಗಳನ್ನು ಹಾಕುವ ಕೆಲಸ ಮೊದಲ ಅರ್ಧದಲ್ಲಿ, ಹಳೆಯವನ್ನು ತೆಗೆಯುವ ಕೆಲಸ ಎರಡನೆಯ ಅರ್ಧದಲ್ಲಿ ನಡೆಯುತ್ತದೆ. ನನ್ನ ಪರದೆಯಲ್ಲಿ ಕಂಡ 2,871 ಎಂಬುದು 4,306ರ ಅರ್ಧವನ್ನು ದಾಟಿತ್ತು. ಕಂಪ್ಯೂಟರು ಫೆಡೋರಾ 40 ಆಗಿಯೇ ಎದ್ದದ್ದು ಅದಕ್ಕೆ, ನೂರಾರು ಹಳೆಯ ದಾಖಲೆಗಳು ಹೊಡೆದುಹಾಕದೆ ಉಳಿದದ್ದೂ ಅದಕ್ಕೇ. ಅರ್ಧಕ್ಕಿಂತ ಬಹಳ ಮೊದಲೇ ನಿಂತಿದ್ದರೆ, ಕೆಲವು ಪ್ಯಾಕೇಜುಗಳು ಇನ್ನೂ ಹಳೆಯವೇ ಆಗಿ ಕಂಪ್ಯೂಟರು ಕುಂಟುತ್ತದೆ. ಅಂಥ ಸ್ಥಿತಿಯಲ್ಲಿ ಜೋಡಿಗಳ ಜೊತೆಗೆ ಅಪೂರ್ಣ ಅಪ್‌ಗ್ರೇಡನ್ನೂ ಮುಗಿಸಬೇಕಾಗುತ್ತದೆ.

ಕರೆಂಟು ಹೋಗಿರದಿದ್ದರೂ ಜೋಡಿಗಳಿದ್ದರೆ ‘ಡಿಎಫ್ -ಎಚ್’ ಕೊಟ್ಟು ಡಿಸ್ಕಿನಲ್ಲಿ ಜಾಗವಿದೆಯೇ ನೋಡಿ. ಜಾಗ ಮುಗಿದು ನಿಂತ ಅಪ್‌ಗ್ರೇಡ್ ಕೂಡ ಇದೇ ಗುರುತನ್ನು ಬಿಟ್ಟುಹೋಗುತ್ತದೆ. ಜಾಗ ಮಾಡದೆ ಮುಂದೆ ಹೋಗಬೇಡಿ.

### ಮೊದಲು ಹೊಸದು ಪೂರ್ತಿ ಇದೆಯೇ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ಹೊಸ ಪ್ಯಾಕೇಜಿನ ದಾಖಲೆ ಇದೆ ಎಂದರೆ ಅದರ ಕಡತಗಳನ್ನು ಬರೆಯಲಾಗಿತ್ತು ಎಂದಷ್ಟೇ ಅರ್ಥ. ಬರೆದದ್ದು ಡಿಸ್ಕಿಗೆ ಇಳಿಯುವ ಮುನ್ನವೇ ಕರೆಂಟು ಹೋಗಿದ್ದರೆ ಕೆಲವು ಕಡತಗಳು ಖಾಲಿಯಾಗಿ ಉಳಿದಿರಬಹುದು, ಹಾಕಿದ ನಂತರ ಓಡಬೇಕಾಗಿದ್ದ ಸ್ಕ್ರಿಪ್ಟ್ (ಪ್ಯಾಕೇಜಿನ ಜೊತೆ ಬರುವ ಆದೇಶಗಳ ಸರಣಿ) ಓಡದೆಯೂ ಇರಬಹುದು. ಆದ್ದರಿಂದ ಪಟ್ಟಿಯಲ್ಲಿರುವ ಹೊಸ ಪ್ಯಾಕೇಜಿನ ಪೂರ್ತಿ ಹೆಸರನ್ನು, ಅಂದರೆ ಆವೃತ್ತಿ, ಎಫ್‌ಸಿ40 ಎಂಬ ಬಾಲ, ಬಿಟ್ ಗುರುತು ಎಲ್ಲವನ್ನೂ ಸೇರಿಸಿ, ‘ಆರ್‌ಪಿಎಂ -ವಿ’ ಎಂಬುದರ ಮುಂದೆ ಕೊಡಿ. ಇಲ್ಲಿ ವಿ ಅಕ್ಷರ ಮಾತ್ರ ದೊಡ್ಡದು.

ಉತ್ತರವೇ ಬಾರದಿದ್ದರೆ ಎಲ್ಲ ಸರಿಯಿದೆ. ಸಾಲಿನಲ್ಲಿ ‘ಮಿಸ್ಸಿಂಗ್’ ಎಂದಿದ್ದರೆ ಕಡತ ಇಲ್ಲ, 5 ಎಂಬ ಅಂಕಿಯಿದ್ದರೆ ಕಡತದ ಒಳಗಿನದು ದಾಖಲೆಯೊಂದಿಗೆ ಹೊಂದುತ್ತಿಲ್ಲ. ಅದೇ ಸಾಲಿನಲ್ಲಿ ಸಿ ಎಂಬ ಅಕ್ಷರವೂ ಇದ್ದರೆ ಅದು ಸೆಟ್ಟಿಂಗ್ ಕಡತ, ನೀವೇ ಎಂದೋ ತಿದ್ದಿರಬಹುದು, ಚಿಂತೆಯಿಲ್ಲ. ಹಳೆಯ ಪ್ಯಾಕೇಜಿನ ಪೂರ್ತಿ ಹೆಸರು ಕೊಟ್ಟು ಇದೇ ಪರೀಕ್ಷೆ ಮಾಡಿದರೆ ಸಾಲುಸಾಲು ದೂರುಗಳು ಬರುತ್ತವೆ. ಅದರ ಕಡತಗಳ ಮೇಲೆ ಹೊಸವು ಕುಳಿತಿರುವುದರಿಂದ ಅದು ಸಹಜ. ನನ್ನ ಪಟ್ಟಿಯಲ್ಲಿ ಕನ್ನಡ ಅಕ್ಷರಗಳ ಲೋಹಿತ್ ಪ್ಯಾಕೇಜೂ ಇತ್ತು. ಹೊಸದರ ಪರೀಕ್ಷೆಗೆ ಒಂದು ಸಾಲೂ ಬರಲಿಲ್ಲ, ಹಳೆಯದರ ಪರೀಕ್ಷೆಗೆ ಫಾಂಟ್ ಕಡತದ ಮುಂದೆ 5 ಬಂತು. ಅಂಗಳದಲ್ಲಿರುವುದು ಹೊಸ ರಾಶಿಯೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

### ತೆಗೆಯುವ ಸುರಕ್ಷಿತ ದಾರಿ

ಡಿಎನ್‌ಎಫ್‌ನ 4ನೇ ಪೀಳಿಗೆಯಲ್ಲಿ, ಅಂದರೆ ಫೆಡೋರಾ 40ರ ತನಕ, ಇದಕ್ಕೆಂದೇ ಒಂದು ಆದೇಶವಿದೆ:

ಸುಡೊ ಡಿಎನ್‌ಎಫ್ ರಿಮೂವ್ --ಡ್ಯೂಪ್ಲಿಕೇಟ್ಸ್

ಇದು ಜೋಡಿಗಳಲ್ಲಿ ಹಳೆಯದನ್ನು ತೆಗೆದು, ಹೊಸದನ್ನು ಇಂಟರ್ನೆಟ್ಟಿನಿಂದ ಮತ್ತೆ ತಂದು ಹಾಕುತ್ತದೆ. ಖಾಲಿ ಉಳಿದ ಕಡತ ಮತ್ತು ಓಡದ ಸ್ಕ್ರಿಪ್ಟ್ ಎರಡೂ ಆಗಲೇ ಸರಿಹೋಗುವುದರಿಂದ ನನಗೆ ಬೇರೆಲ್ಲ ದಾರಿಗಿಂತ ಇದೇ ಮೇಲು. ಆದರೆ ಜೋಡಿಗಳು ನೂರಾರಿದ್ದರೆ ಡೌನ್‌ಲೋಡ್ ದೊಡ್ಡದಾಗುತ್ತದೆ. ಮೊಬೈಲಿನ ಹಾಟ್‌ಸ್ಪಾಟ್ ನಂಬಿ ಕುಳಿತವರು ಅದು ತೋರಿಸುವ ಒಟ್ಟು ಗಾತ್ರವನ್ನು ನೋಡಿಯೇ ಒಪ್ಪಿಗೆ ಕೊಡಬೇಕು. ಫೆಡೋರಾ 41ರಿಂದ ಡಿಎನ್‌ಎಫ್‌ನ 5ನೇ ಪೀಳಿಗೆ ಬಂದಿದ್ದು, ಆಯ್ಕೆಗಳು ಹಿಂದಿನಂತೆಯೇ ಇಲ್ಲ. ನಿಮ್ಮ ಕಂಪ್ಯೂಟರು ಈ ಆಯ್ಕೆಯನ್ನು ಗುರುತಿಸದಿದ್ದರೆ ಕೆಳಗಿನ ದಾರಿ ಹಿಡಿಯಿರಿ.

### ಹೆಸರು ಹೇಳಿ ತೆಗೆಯುವುದು

ಇಲ್ಲಿ ಒಂದೊಂದು ಅಕ್ಷರವೂ ಮುಖ್ಯ. ಬರೆದಿಟ್ಟುಕೊಂಡ ಪಟ್ಟಿಯಿಂದ ಎಫ್‌ಸಿ39 ಬಾಲದ ಸಾಲುಗಳನ್ನು ಮಾತ್ರ ಆರಿಸಿ. ಹೆಸರಿನ ನಂತರ 0 ಅಥವಾ ಬೇರೆ ಅಂಕಿ, ಆಮೇಲೆ ಒಂದರ ಮೇಲೊಂದು ಎರಡು ಚುಕ್ಕೆ (:) ಇದ್ದರೆ ಆ ಅಂಕಿಯನ್ನೂ ಚುಕ್ಕೆಯನ್ನೂ ಬಿಟ್ಟು ಬರೆಯಿರಿ. ಮೊದಲು ಒಣ ಪರೀಕ್ಷೆ, ಅಂದರೆ ಏನನ್ನೂ ನಿಜವಾಗಿ ತೆಗೆಯದೆ ನೋಡುವುದು:

ಸುಡೊ ಆರ್‌ಪಿಎಂ -ಇ --ಟೆಸ್ಟ್ (ಹಳೆಯ ಪ್ಯಾಕೇಜುಗಳ ಪೂರ್ತಿ ಹೆಸರುಗಳು)

ಏನೂ ದೂರು ಬಾರದಿದ್ದರೆ --ಟೆಸ್ಟ್ ಎಂಬುದನ್ನು ಬಿಟ್ಟು ಅದನ್ನೇ ಮತ್ತೆ ಕೊಡಿ. ಹಳೆಯ ಪ್ಯಾಕೇಜುಗಳು ಒಂದನ್ನೊಂದು ಅವಲಂಬಿಸಿರುವುದರಿಂದ ಒಂದೊಂದಾಗಿ ತೆಗೆಯಲು ಹೋದರೆ ತಡೆ ಬರುತ್ತದೆ. ಆದ್ದರಿಂದ ಎಲ್ಲವನ್ನೂ ಒಂದೇ ಆದೇಶದಲ್ಲಿ ಸೇರಿಸಿ. ಕಡತಗಳು ಅಳಿಸಿಹೋದಾವು ಎಂಬ ಭಯ ಬೇಡ: ಒಂದು ಕಡತಕ್ಕೆ ಇನ್ನೊಂದು ದಾಖಲೆಯೂ ಒಡೆಯನಾಗಿದ್ದರೆ ಆರ್‌ಪಿಎಂ ಅದನ್ನು ಮುಟ್ಟುವುದಿಲ್ಲ. ಹಳೆಯ ಪ್ಯಾಕೇಜಿನ ಸ್ಕ್ರಿಪ್ಟಿಗೂ ‘ಇನ್ನೊಂದು ಆವೃತ್ತಿ ಉಳಿದಿದೆ’ ಎಂಬ ಎಣಿಕೆ ಹೋಗುವುದರಿಂದ ಅದು ಪೂರ್ತಿ ತೆಗೆಯುವಂತೆ ವರ್ತಿಸದೆ ಅಪ್‌ಗ್ರೇಡಿನಂತೆಯೇ ವರ್ತಿಸುತ್ತದೆ.

ಆವೃತ್ತಿಯಿಲ್ಲದೆ ಬರಿಯ ಹೆಸರು ಕೊಟ್ಟರೆ ಆರ್‌ಪಿಎಂ ‘ಇದು ಹಲವು ಪ್ಯಾಕೇಜುಗಳನ್ನು ಸೂಚಿಸುತ್ತದೆ’ ಎಂದು ನಿಲ್ಲುತ್ತದೆ. ಅದು ಉಪಕಾರ ಎಂದೇ ತಿಳಿಯಿರಿ. ಆ ತಡೆಯನ್ನು ದಾಟಲು --ಆಲ್‌ಮ್ಯಾಚಸ್ ಎಂಬ ಆಯ್ಕೆಯನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಅದು ಹಳೆಯದರ ಜೊತೆ ಹೊಸದನ್ನೂ ಹೊರಹಾಕುತ್ತದೆ.

## ಲಕ್ಷಣ: ಒಂದನ್ನು ತೆಗೆಯಲು ಹೋದರೆ ನೂರಾರನ್ನು ತೆಗೆಯುತ್ತೇನೆ ಎನ್ನುತ್ತದೆ

ಡಿಎನ್‌ಎಫ್‌ಗೆ ಬರಿಯ ಹೆಸರು ಕೊಟ್ಟಾಗ ಆಗುವುದು ಇದು. ಹಳೆಯದು, ಹೊಸದು, ಅವುಗಳನ್ನು ಅವಲಂಬಿಸಿದ ಎಲ್ಲವೂ ಪಟ್ಟಿಗೆ ಬರುತ್ತವೆ. ನಾನೂ ಮೊದಲ ದಿನ ಹಾಗೆಯೇ ಒಂದು ಲೈಬ್ರರಿಯ ಹೆಸರನ್ನಷ್ಟೇ ಟೈಪಿಸಿದ್ದೆ. ಪಟ್ಟಿ ಪರದೆ ಮೀರಿ ಓಡಿತು, ಮೇಲಕ್ಕೆ ಸರಿಸಿ ನೋಡಿದರೆ ನಡುವೆಲ್ಲೋ ಗ್ನೋಮ್-ಶೆಲ್ ಎಂದಿತ್ತು, ಅಂದರೆ ಡೆಸ್ಕ್‌ಟಾಪೇ ಹೊರಟಿತ್ತು. ಕೊನೆಯ ಪ್ರಶ್ನೆಗೆ ಎನ್ ಒತ್ತಿದೆ. ತೆಗೆಯುವ ಪಟ್ಟಿ ನಿಮ್ಮ ಜೋಡಿಗಳ ಪಟ್ಟಿಗಿಂತ ಒಂದು ಸಾಲು ಹೆಚ್ಚಾದರೂ ಎನ್ ಒತ್ತುವುದೇ ಸರಿ. ಪ್ರಶ್ನೆ ಕೇಳದೆ ಮುಂದೆ ಹೋಗೆಂದು ಹೇಳುವ -ವೈ ಆಯ್ಕೆಯನ್ನು ಈ ಕೆಲಸದಲ್ಲಿ ಎಲ್ಲಿಯೂ ಬಳಸಬೇಡಿ.

‘ರಕ್ಷಿತ ಪ್ಯಾಕೇಜುಗಳು ಹೋಗುತ್ತವೆ’ ಎಂದು ಡಿಎನ್‌ಎಫ್ ನಿರಾಕರಿಸಿದರೆ, ತೆಗೆಯುವ ಪಟ್ಟಿಯಲ್ಲಿ ಸಿಸ್ಟಂಡಿ (ಕಂಪ್ಯೂಟರನ್ನು ಎಬ್ಬಿಸಿ ಸೇವೆಗಳನ್ನು ನಡೆಸುವುದು), ಸುಡೊ ಅಥವಾ ಡಿಎನ್‌ಎಫ್ ತಾನೇ ಸೇರಿದೆ ಎಂದರ್ಥ. ಇಲ್ಲಿ ಮೇಲಿನ ಆರ್‌ಪಿಎಂ ಒಣ ಪರೀಕ್ಷೆ ಮಾಡಿ, ಅದು ದೂರಿಲ್ಲದೆ ಮುಗಿದರೆ ಮಾತ್ರ ಮುಂದುವರಿಯಿರಿ. ‘ಈ ಹಳೆಯ ಆವೃತ್ತಿ ಇಂಥದ್ದಕ್ಕೆ ಬೇಕು’ ಎಂಬ ದೂರು ಬಂದರೆ, ಆ ಇಂಥದ್ದು ಇನ್ನೂ ಏರದೆ ಉಳಿದ ಪ್ಯಾಕೇಜು. ಮೊದಲು ಅದನ್ನು ಏರಿಸಬೇಕು. ಅದು ಬೇರೆ ಯಾರೋ ಕೊಟ್ಟ, ಹೊಸ ಆವೃತ್ತಿಯೇ ಇಲ್ಲದ ಪ್ರಿಂಟರ್ ಡ್ರೈವರಿನಂಥದ್ದಾದರೆ ಎರಡರಲ್ಲಿ ಯಾವುದು ಬೇಕೆಂದು ನೀವೇ ನಿರ್ಧರಿಸಬೇಕಾಗುತ್ತದೆ. ಅವಲಂಬನೆಯನ್ನು ಲೆಕ್ಕಿಸಬೇಡ ಎನ್ನುವ --ನೋಡೆಪ್ಸ್ ಆಯ್ಕೆ ಆ ನಿರ್ಧಾರಕ್ಕೆ ಬದಲಿಯಲ್ಲ. ಗ್ಲಿಬ್‌ಸಿ (ಬಹುತೇಕ ಎಲ್ಲ ತಂತ್ರಾಂಶಗಳೂ ನೆಚ್ಚಿಕೊಂಡ ಲೈಬ್ರರಿ) ವಿಷಯದಲ್ಲಂತೂ ಹಳೆಯದರ ಜೊತೆ ಹೊಸದೂ ಹೋದರೆ, ಮರುಕ್ಷಣದಿಂದ ಒಂದು ಆದೇಶವೂ ಓಡುವುದಿಲ್ಲ.

## ಲಕ್ಷಣ: ತೆಗೆಯುವಾಗ ಸ್ಕ್ರಿಪ್ಟ್ ವಿಫಲವಾಗಿ ಹಳೆಯದು ಅಲ್ಲೇ ಉಳಿಯುತ್ತದೆ

ಹಳೆಯ ಪ್ಯಾಕೇಜಿನ ‘ತೆಗೆಯುವ ಮುನ್ನ’ ಓಡುವ ಸ್ಕ್ರಿಪ್ಟ್ ಎಡವಿದರೆ ಆರ್‌ಪಿಎಂ ಆ ಪ್ಯಾಕೇಜನ್ನು ಬಿಟ್ಟುಬಿಡುತ್ತದೆ. ‘ಆರ್‌ಪಿಎಂ -ಕ್ಯೂ --ಸ್ಕ್ರಿಪ್ಟ್ಸ್’ ಎಂದು, ಅದರ ಮುಂದೆ ಹಳೆಯ ಪ್ಯಾಕೇಜಿನ ಪೂರ್ತಿ ಹೆಸರು ಕೊಟ್ಟು ಸ್ಕ್ರಿಪ್ಟಿನಲ್ಲಿ ಏನಿದೆ ಎಂದು ಓದಬಹುದು. ಸೇವೆಯೊಂದನ್ನು ನಿಲ್ಲಿಸುವ ಒಂದೆರಡು ಸಾಲು ಮಾತ್ರ ಇದ್ದರೆ, ಆ ಒಂದೇ ಪ್ಯಾಕೇಜಿಗೆ --ನೋಸ್ಕ್ರಿಪ್ಟ್ಸ್ ಸೇರಿಸಿ ತೆಗೆದು, ಕೂಡಲೇ ಹೊಸದನ್ನು ‘ಡಿಎನ್‌ಎಫ್ ರಿಇನ್‌ಸ್ಟಾಲ್’ ಮಾಡಿ. ಸ್ಕ್ರಿಪ್ಟ್ ಓದಿ ಅರ್ಥವಾಗದಿದ್ದರೆ ಅದನ್ನು ಹಾಗೆಯೇ ಬಿಟ್ಟು ತಿಳಿದವರಿಗೆ ತೋರಿಸಿ. ಒಂದು ಜೋಡಿ ಒಂದು ವಾರ ಉಳಿದರೆ ಏನೂ ಕೆಡುವುದಿಲ್ಲ.

## ಲಕ್ಷಣ: ಆದೇಶವೇ ಮುಂದೆ ಹೋಗುವುದಿಲ್ಲ, ಅಥವಾ ಡೇಟಾಬೇಸ್ ದೋಷ ಎನ್ನುತ್ತದೆ

ಬೇರೊಂದು ಪ್ರಕ್ರಿಯೆ ಮುಗಿಯಲೆಂದು ಕಾಯುತ್ತಿದ್ದೇನೆ ಎಂಬ ಸಾಲು ಬಂದರೆ ಅದು ದೋಷವಲ್ಲ. ಸಾಫ್ಟ್‌ವೇರ್ ಕಿಟಕಿ ಹಿನ್ನೆಲೆಯಲ್ಲಿ ಅಪ್‌ಡೇಟ್ ಹುಡುಕುತ್ತಿರುತ್ತದೆ. ಕಾಯಿರಿ, ಬಲವಂತವಾಗಿ ಕೊಲ್ಲಬೇಡಿ. ಡೇಟಾಬೇಸನ್ನು ತೆರೆಯಲಾಗುತ್ತಿಲ್ಲ ಎಂದು ಬಂದರೆ, ಆರಂಭದಲ್ಲಿ ಇಟ್ಟುಕೊಂಡ ನಕಲು ಇದೆ ಎಂದು ಖಚಿತಪಡಿಸಿಕೊಂಡು ‘ಸುಡೊ ಆರ್‌ಪಿಎಂ --ರೀಬಿಲ್ಡ್‌ಡಿಬಿ’ ಕೊಡಿ. ಇದು ಪುಸ್ತಕವನ್ನು ಹೊಸದಾಗಿ ಬರೆಯುತ್ತದೆಯೇ ಹೊರತು ಜೋಡಿ ಸಾಲುಗಳನ್ನು ತಾನೇ ಹೊಡೆದುಹಾಕುವುದಿಲ್ಲ. ಆದ್ದರಿಂದ ಜೋಡಿಗಳಿಗೆ ಇದು ಮದ್ದಲ್ಲ.

## ಉಬುಂಟು, ಡೆಬಿಯನ್ ಬಳಸುವವರಿಗೆ

ಅಲ್ಲಿ ಆರ್‌ಪಿಎಂ ಜಾಗದಲ್ಲಿರುವ ಡಿಪಿಕೆಜಿ ಒಂದೇ ಹೆಸರು ಮತ್ತು ಒಂದೇ ಬಿಟ್ ಗುರುತಿನ ಎರಡು ಆವೃತ್ತಿಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದಿಲ್ಲ. ಅಪ್‌ಗ್ರೇಡ್ ನಡುವೆ ನಿಂತರೆ ಅಲ್ಲಿ ಉಳಿಯುವುದು ಅರ್ಧ ಸಿದ್ಧವಾದ ಪ್ಯಾಕೇಜು. ‘ಸುಡೊ ಡಿಪಿಕೆಜಿ --ಕಾನ್‌ಫಿಗರ್ -ಎ’, ಆಮೇಲೆ ‘ಸುಡೊ ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಎಂಬ ಕ್ರಮದಲ್ಲಿ ಕೊಟ್ಟರೆ ಹೆಚ್ಚಿನವು ಮುಗಿಯುತ್ತವೆ. ‘ಡಿಪಿಕೆಜಿ -ಎಲ್’ ಪಟ್ಟಿಯಲ್ಲಿ ಆರ್‌ಸಿ ಎಂದಿದ್ದರೆ ಪ್ಯಾಕೇಜು ಹೋಗಿದೆ, ಅದರ ಸೆಟ್ಟಿಂಗ್ ಮಾತ್ರ ಉಳಿದಿದೆ. ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜಿನ ರೂಪದಲ್ಲಿಯೇ ಬರುವುದರಿಂದ, ಉಬುಂಟು ಕೊಡುವ ಅದರ ಡೆಬ್ (ಡಿಪಿಕೆಜಿ ಬಗೆಯ) ಪ್ಯಾಕೇಜೂ ಪಟ್ಟಿಯಲ್ಲಿ ಕಂಡರೆ ಅದು ಸ್ನ್ಯಾಪ್ ಕಡೆಗೆ ದಾರಿ ತೋರಿಸುವ ಕಂಬವಷ್ಟೇ.

## ಎಲ್ಲಿ ನಿಲ್ಲಬೇಕು

‘ಸುಡೊ ಡಿಮೆಸೇಜ್’ (ಟೈಪಿಸಬೇಕಾದ ಅಕ್ಷರಗಳು dmesg) ಉತ್ತರದಲ್ಲಿ ಐ/ಓ ಎರರ್ ಎಂಬ ಸಾಲುಗಳು ಮತ್ತೆ ಮತ್ತೆ ಕಂಡರೆ ತೊಂದರೆ ಪ್ಯಾಕೇಜಿನದ್ದಲ್ಲ, ಡಿಸ್ಕಿನದ್ದು. ಏನನ್ನೂ ತೆಗೆಯದೆ, ಹಾಕದೆ, ಕಡತಗಳ ನಕಲು ಮಾಡಿಕೊಂಡು ಕಂಪ್ಯೂಟರ್ ರಿಪೇರಿಯವರ ಬಳಿಗೆ ಒಯ್ಯಿರಿ. ಒಣ ಪರೀಕ್ಷೆಯ ದೂರಿನಲ್ಲಿ ಗ್ಲಿಬ್‌ಸಿ ಅಥವಾ ಸಿಸ್ಟಂಡಿ ಹೆಸರಿದ್ದರೆ, ಹೊಸ ಪ್ಯಾಕೇಜುಗಳಲ್ಲಿ ಹಲವು ‘ಮಿಸ್ಸಿಂಗ್’ ಎಂದು ಬಂದರೆ, ಜೋಡಿಗಳ ಜೊತೆಗೆ ಏರದೆ ಉಳಿದ ಪ್ಯಾಕೇಜುಗಳೂ ನೂರರ ಮೇಲಿದ್ದರೆ, ಒಂಟಿಯಾಗಿ ಮುಂದುವರಿಯಬೇಡಿ. ಸಹಾಯ ಕೇಳುವಾಗ ಜೋಡಿಗಳ ಪಟ್ಟಿ, ಒಣ ಪರೀಕ್ಷೆಯ ಪೂರ್ತಿ ಉತ್ತರ, ಫೆಡೋರಾ ಆವೃತ್ತಿ, ಕರೆಂಟು ಹೋದಾಗ ಪರದೆಯಲ್ಲಿ ಕಂಡ ಅಂಕಿ ಇಷ್ಟನ್ನು ಕೊಟ್ಟರೆ ತಿಳಿದವರಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ‘ಅಪ್‌ಡೇಟ್ ಆಗ್ತಾ ಇಲ್ಲ’ ಎಂಬ ಒಂದು ಸಾಲಿನಿಂದ ಯಾರಿಗೂ ಏನೂ ತಿಳಿಯದು. ಹೊಸದಾಗಿ ಫೆಡೋರಾ ಹಾಕುವುದೇ ಮೇಲು ಎಂದು ಅವರು ಹೇಳಿದರೆ ಬೇಸರಪಡಬೇಡಿ. ಅಪೂರ್ಣ ಅಪ್‌ಗ್ರೇಡಿನ ಮೊದಲ ಅರ್ಧದಲ್ಲಿ ನಿಂತ ಯಂತ್ರಕ್ಕೆ ಅದು ಹಲವು ಸಲ ಬೇಗನೆ ಮುಗಿಯುವ ದಾರಿ.

## ತೆಗೆದ ಮೇಲಿನ ಪರೀಕ್ಷೆ

ಜೋಡಿಗಳ ಆದೇಶವನ್ನು ಮತ್ತೆ ಕೊಟ್ಟಾಗ ಉತ್ತರ ಖಾಲಿ ಬರಬೇಕು. ‘ಡಿಎನ್‌ಎಫ್ ಚೆಕ್’ ಕೂಡ ದೂರಿಲ್ಲದೆ ಮುಗಿಯಬೇಕು. ನಂತರ ‘ಸುಡೊ ಡಿಎನ್‌ಎಫ್ ಡಿಸ್ಟ್ರೊ-ಸಿಂಕ್’ ಕೊಟ್ಟರೆ ಉಳಿದ ಪ್ಯಾಕೇಜುಗಳು ನಿಮ್ಮ ಬಿಡುಗಡೆಯ ಆವೃತ್ತಿಗೆ ಹೊಂದಿಕೊಳ್ಳುತ್ತವೆ. ಇಲ್ಲಿಯೂ ತೆಗೆಯುವ ಪಟ್ಟಿಯನ್ನು ಓದಿಯೇ ಒಪ್ಪಿಗೆ ಕೊಡಿ. ಒಮ್ಮೆ ರೀಬೂಟ್ ಮಾಡಿ, ನೆಟ್‌ವರ್ಕ್, ಧ್ವನಿ, ಪ್ರಿಂಟರ್, ಕನ್ನಡ ಟೈಪಿಂಗ್ ನೋಡಿಕೊಳ್ಳಿ. ಡೇಟಾಬೇಸಿನ ನಕಲನ್ನು ಮುಂದಿನ ಅಪ್‌ಡೇಟ್ ತೊಂದರೆಯಿಲ್ಲದೆ ಮುಗಿಯುವವರೆಗೆ ಇಟ್ಟುಕೊಂಡು ಆಮೇಲೆ ಅಳಿಸಿ. ಅಷ್ಟು ದಿನ ಕಳೆದ ಮೇಲೆ ಅದನ್ನು ಮರಳಿ ಹಾಕಿದರೆ ಪುಸ್ತಕಕ್ಕೂ ಅಂಗಳಕ್ಕೂ ತಾಳೆಯಾಗುವುದಿಲ್ಲ.